ಒಂದೇ ರಿಂಗಿನ ಕರೆ

ಕಾಫಿ ಬೆಳೆಗಾರರ ಸಂಘದ ಮಹಡಿ ಕೋಣೆಯಲ್ಲಿ ಎರಡು ಕಂಪ್ಯೂಟರ್‌ಗಳಿದ್ದವು. ಒಂದು ಸರ್ವರ್. ಹಾನುಬಾಳು ಸುತ್ತಿನ ತೋಟಗಳಲ್ಲಿ ಆನೆ ಕಂಡರೆ ಸಂಘದ ಕಾವಲುಗಾರರು ಆ ಜಾಗವನ್ನು ತಮ್ಮ ಫೋನಿನಲ್ಲಿ ಒತ್ತುತ್ತಿದ್ದರು. ಸರ್ವರ್ ಆ ಜಾಗದ ಆಸುಪಾಸಿನ ಮೊಬೈಲ್‌ಗಳಿಗೆಲ್ಲ ಕರೆ ಮಾಡಿ ಎಚ್ಚರಿಸುತ್ತಿತ್ತು. ಇನ್ನೊಂದು, ಗೋಡೆಗೆ ಒತ್ತಿಕೊಂಡು ಕೂತಿದ್ದ ಹಳದಿಗಟ್ಟಿದ ಪೆಟ್ಟಿಗೆ. ಸರ್ವರ್ ಬದುಕಿದೆಯೇ, ಕರೆಗಳು ಹೋಗುತ್ತಿವೆಯೇ ಎಂದು ನೋಡುವುದು ಅದರ ಕೆಲಸ. ಎಲ್ಲ ಸರಿಯಿದ್ದರೆ ಪರದೆಯ ಮೇಲೆ ಹಸಿರು ಚುಕ್ಕೆ, ಕೆಟ್ಟರೆ ಕೆಂಪು.

ಎರಡು ವರ್ಷದ ಹಿಂದೆ ಅದು ಆ ಕೆಲಸ ಮಾಡಲಿಲ್ಲ. ಸರ್ವರ್‌ನ ಡಿಸ್ಕ್ ತುಂಬಿ ಕರೆಗಳು ನಿಂತಿದ್ದವು. ಅದನ್ನು ನೋಡಿಕೊಳ್ಳಬೇಕಿದ್ದ ಪೆಟ್ಟಿಗೆ ಅದಕ್ಕೂ ಮೊದಲೇ ಸ್ಥಗಿತವಾಗಿ, ಕೊನೆಯ ಸಲ ಕಂಡಿದ್ದ ಹಸಿರನ್ನೇ ತೋರಿಸುತ್ತ ಕೂತಿತ್ತು. ಹೊಸಗದ್ದೆ ಎಸ್ಟೇಟಿನ ಕೂಲಿಯಾಳು ತಿಮ್ಮಯ್ಯ ಸಂಜೆ ಕೂಲಿಯವರ ಸಾಲುಮನೆಯಾದ ಲೈನಿಗೆ ಹೋಗುವಾಗ ಹಳ್ಳದ ತಿರುವಿನಲ್ಲಿ ಆನೆಗೆ ಸಿಕ್ಕಿ ಸತ್ತ. ಅವನ ಜೇಬಿನಲ್ಲಿದ್ದ ಫೋನಿಗೆ ಯಾವ ಕರೆಯೂ ಬಂದಿರಲಿಲ್ಲ.

ಅದಾದ ಮೇಲೂ ಆ ಪೆಟ್ಟಿಗೆಯನ್ನು ಯಾರೂ ಮುಟ್ಟಿರಲಿಲ್ಲ. ಆಫ್ ಮಾಡಿ ಆನ್ ಮಾಡಿದಾಗ ಮತ್ತೆ ನಡೆಯಿತು, ಅಷ್ಟೇ. ಅದರೊಳಗಿನ ಸಾಫ್ಟ್‌ವೇರನ್ನು ತಯಾರಿಸಿದವರೇ ಕೈಬಿಟ್ಟು ವರ್ಷಗಳಾಗಿದ್ದವು. ಅದನ್ನು ಬದಲಿಸಲೆಂದೇ ಸಂಘ ಬೆಳಗೋಡಿನ ಮಾನಸಾಳನ್ನು ಕೆಲಸಕ್ಕೆ ತೆಗೆದುಕೊಂಡಿತ್ತು. ಅವಳು ಹಾಸನದ ಒಂದು ಕಾಲೇಜಿನಲ್ಲಿ ಸರ್ವರ್‌ಗಳನ್ನು ನೋಡಿಕೊಂಡಿದ್ದವಳು. ಅಲ್ಲಿ ಸರ್ವರ್ ನಿಂತರೆ ಹುಡುಗರ ಫಲಿತಾಂಶ ತಡವಾಗುತ್ತಿತ್ತು. ಇಲ್ಲಿ ನಿಂತರೆ ಏನಾಗುತ್ತದೆ ಎಂಬುದನ್ನು ಸಂಘದ ಗುಮಾಸ್ತ ಮೃತ್ಯುಂಜಯ ಮೊದಲ ದಿನವೇ ಹೇಳಿಬಿಟ್ಟಿದ್ದ. ಆಮೇಲೆ ಅವಳಿಗೆ ಆ ಕೋಣೆಯಲ್ಲಿ ಕೂತು ಊಟ ಸೇರುತ್ತಿರಲಿಲ್ಲ.

"ಬಿಚ್ಚಲೇಬೇಕೇನವ್ವ ಅದನ್ನ?" ಎಂದು ಮೃತ್ಯುಂಜಯ ಕೇಳಿದ್ದ.

"ಬಿಚ್ಚಲ್ಲ ಅಣ್ಣ. ಪಕ್ಕದಲ್ಲೇ ಹೊಸದನ್ನ ಕೂರಿಸ್ತೀನಿ. ಒಂದು ವಾರ ಎರಡೂ ನಡೀಲಿ. ಎರಡೂ ಒಂದೇ ಮಾತು ಹೇಳಿದ್ರೆ ಮಾತ್ರ ಹಳೇದನ್ನ ನಿಲ್ಲಿಸೋದು."

"ಅಂದ್ರೆ ಸವತಿ ತಂದಂಗಾಯ್ತು."

"ಸವತೀನೇ. ಜಗಳ ಆಡಿದ್ರೆ ನನ್ನ ಕರೀರಿ."

ಅವಳು ಆತುರಪಡಲಿಲ್ಲ. ಹಳೆಯದರಲ್ಲಿದ್ದದ್ದನ್ನೆಲ್ಲ ಬೇರೆ ಡಿಸ್ಕಿಗೆ ನಕಲು ತೆಗೆದಳು. ನಕಲು ತೆಗೆದರೆ ಸಾಲದು, ಅದು ತೆರೆದುಕೊಳ್ಳುತ್ತದೆಯೇ ನೋಡಬೇಕೆಂದು ತನ್ನ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿದಳು. ಅಷ್ಟು ಹಳೆಯದರಿಂದ ಇಂದಿನದಕ್ಕೆ ಒಂದೇ ಸಲ ಹಾರಲು ಆಗುವುದಿಲ್ಲ. ಮಧ್ಯದ ಒಂದೊಂದು ಆವೃತ್ತಿಗೂ ನಿಂತು, ಆ ನಕಲಿನ ಮೇಲೇ ಕೆಲಸ ಮಾಡುತ್ತ ಮುಂದೆ ಹೋದಳು. ಕೆಟ್ಟರೆ ಮೊದಲಿದ್ದ ಸ್ಥಿತಿಗೆ ವಾಪಸಾಗುವ ದಾರಿಯನ್ನು ಹಂತ ಹಂತವಾಗಿ ಬರೆದು ಗೋಡೆಗೆ ಅಂಟಿಸಿದಳು. ವಾರ ಕಳೆಯಿತು. ಎರಡೂ ಪೆಟ್ಟಿಗೆಗಳು ಒಂದೇ ಮಾತು ಹೇಳಿದವು.

ಬದಲಾವಣೆಗೆ ಆರಿಸಿಕೊಂಡದ್ದು ಜನವರಿಯ ಒಂದು ಮಧ್ಯಾಹ್ನ. ಆ ಹೊತ್ತಿಗೆ ಆನೆಗಳು ನೆರಳಿನಲ್ಲಿ ನಿಂತಿರುತ್ತವೆ. ಹಣ್ಣು ಕೊಯ್ಯುವವರು ತೋಟದೊಳಗೆ ಗುಂಪಾಗಿರುತ್ತಾರೆ. ದಾರಿಯಲ್ಲಿ ಒಬ್ಬೊಬ್ಬರೇ ನಡೆಯುವವರು ಕಡಿಮೆ. ಕಾವಲಿಗೆ ಒಂದು ಗಳಿಗೆ ಕಣ್ಣು ಮುಚ್ಚುವುದಿದ್ದರೆ ಆಗಲೇ ಮುಚ್ಚಬೇಕು.

"ಈಗ ಸರ್ವರ್ ವೈರ್ ಕೀಳ್ತೀನಿ," ಎಂದಳು.

"ಯಾಕೆ? ಚೆನ್ನಾಗೇ ಐತಲ್ಲ!"

"ಕಿತ್ತಾಗ ಹೊಸದು ಕೂಗುತ್ತಾ ಅಂತ ನೋಡ್ಬೇಕು. ಕೂಗದಿದ್ರೆ ಅದನ್ನ ಇಟ್ಕೊಂಡು ಏನು ಮಾಡೋಣ?"

ಅಷ್ಟು ಹೊತ್ತು ಏನಾದರೂ ಕಂಡರೆ ನೇರವಾಗಿ ಫೋನ್ ಮಾಡು ಎಂದು ಕಾವಲುಗಾರ ನವೀನ್‌ಕುಮಾರನಿಗೆ ಮೊದಲೇ ಹೇಳಿಯಾಗಿತ್ತು. ಅವಳು ವೈರ್ ಕಿತ್ತಳು. ಚುಕ್ಕೆ ಹಸಿರಾಗಿಯೇ ಇತ್ತು. ಇನ್ನೂ ಹಸಿರು. ಮೃತ್ಯುಂಜಯ ಪರದೆಯನ್ನೇ ನೋಡುತ್ತಿದ್ದ. ಕೊನೆಗೂ ಕೆಂಪಾಯಿತು. ಮರುಕ್ಷಣ ಅವನ ಜೇಬಿನಲ್ಲಿದ್ದ ಫೋನೂ, ಮೇಜಿನ ಮೇಲಿದ್ದ ಅವಳ ಫೋನೂ ಕೂಗಿದವು. ಅವಳು ವೈರ್ ಸಿಕ್ಕಿಸಿದಳು. ಹಸಿರಾಯಿತು.

"ನನ್ ಎದೆ ವೈರ್ ಕಿತ್ತಂಗಾಯ್ತು ಕಣವ್ವ," ಎಂದು ಮೃತ್ಯುಂಜಯ ಟೀ ತರಲು ಕೆಳಗಿಳಿದ.

ಉಳಿದದ್ದು ಒಂದು ಕೆಲಸ. ಅದು ಅವಳೇ ಸೇರಿಸಿದ್ದು. ಸರ್ವರ್ ಸರಿಯಿದ್ದು, ಕರೆಯೂ ಹೋಗಿ, ಆ ಕಡೆಯ ಫೋನೇ ಆಫ್ ಆಗಿದ್ದರೆ? ಹಳೆಯದಕ್ಕೆ ಅದು ಗೊತ್ತಾಗುತ್ತಿರಲಿಲ್ಲ. ಆದರೆ ಹಳೆಯ ದಾಖಲೆಗಳಲ್ಲಿ ಅವಳು ಒಂದು ವಿಷಯ ಗಮನಿಸಿದ್ದಳು. ಸರ್ವರ್ ಹಾಕಿಕೊಟ್ಟವರು ಫೋನ್ ಲೈನ್ ಪರೀಕ್ಷೆಗೆಂದು ಒಂದು ಗುಂಡಿ ಬಿಟ್ಟುಹೋಗಿದ್ದರು. ಅದನ್ನು ಒತ್ತಿದರೆ ಸಂಘದ ನಂಬರಿನಿಂದ ಒಂದು ರಿಂಗ್ ಹೋಗಿ ಕಟ್ಟಾಗುತ್ತದೆ. ಆ ಗುಂಡಿಯನ್ನು ಮೃತ್ಯುಂಜಯ ಎಷ್ಟೋ ಸಂಜೆ ಒತ್ತಿದ್ದ. ಪಾಪ, ಒಂದೊಂದು ಫೋನನ್ನೂ ಕೈಯಲ್ಲೇ ಪರೀಕ್ಷಿಸುತ್ತಿದ್ದಾನೆ ಎಂದುಕೊಂಡಳು. ಆ ಶ್ರಮ ತಪ್ಪಲಿ ಎಂದು, ಕೆಲಸ ಬಿಡುವ ಹೊತ್ತಿನಲ್ಲಿ ಹೊಸ ಯಂತ್ರವೇ ಹತ್ತು ನಿಮಿಷಕ್ಕೊಮ್ಮೆ ಆಳುಗಳ ಎಲ್ಲ ಗ್ಯಾಂಗಿನ ಫೋನುಗಳಿಗೂ ಒಂದೊಂದು ರಿಂಗ್ ಕೊಟ್ಟು ನೋಡುವಂತೆ ಬರೆದಿಟ್ಟಿದ್ದಳು. ಮೃತ್ಯುಂಜಯ ಟೀ ಹಿಡಿದು ಮೆಟ್ಟಿಲು ಹತ್ತುವಷ್ಟರಲ್ಲಿ ಅದನ್ನು ಚಾಲೂ ಮಾಡಿದಳು. ಹಳೆಯ ಪೆಟ್ಟಿಗೆಯನ್ನು ನಿಲ್ಲಿಸಿದಳು.

ಬಿಸಿಲು ಇಳಿಯುವ ಹೊತ್ತಿಗೆ ನವೀನ್‌ಕುಮಾರನ ಸುದ್ದಿ ಬಂತು. ಹೊಸಗದ್ದೆ ಎಸ್ಟೇಟಿನ ಹಳ್ಳದಲ್ಲಿ ಒಂಟಿ ಸಲಗ. ಸರ್ವರ್ ಕರೆಗಳನ್ನು ಶುರುಮಾಡಿತು. ಹೊಸ ಪರದೆಯ ಮೇಲೆ ಒಂದೊಂದೇ ಹೆಸರಿನ ಮುಂದೆ ಕರೆ ತಲುಪಿದ ಗುರುತು ಬಿತ್ತು. ಹೊಸಗದ್ದೆಯ ಹೆಣ್ಣಾಳುಗಳ ಮೇಸ್ತ್ರಿ ಗಂಗಾಮಣಿಯ ಹೆಸರೂ ಬಂತು. ತಿಮ್ಮಯ್ಯನ ಹೆಂಡತಿ ಅವಳು.

"ಗಂಗಾಮಣಿಗೆ ಹೋಯ್ತು," ಎಂದಳು ಮಾನಸಾ.

ಮೃತ್ಯುಂಜಯ ಪರದೆಗೇ ಕೈ ಮುಗಿದ. "ಇನ್ ಅವ್ರು ಕಣದ ತಾವೇ ಕೂತ್ಕೊತಾರೆ. ಹಳ್ಳಕ್ಕೆ ಇಳಿಯಲ್ಲ."

"ಕರೆ ಎತ್ತಿಲ್ಲ ಅಂತ ತೋರಿಸ್ತಾ ಇದೆ."

"ಯಾರ್ ಎತ್ತುತಾರೆ? ಕೈಯೆಲ್ಲಾ ಹಣ್ಣಿನ ಅಂಟು. ಫೋನ್ ಉದ್ದಕ್ಕೆ ಹೊಡ್ಕೊಂಡ್ರೆ ಆನೆ ಅಂತ ಗೊತ್ತು ಅವ್ರಿಗೆ."

ಅವಳು ನಕ್ಕಳು. ಒಂದು ವಾರದಲ್ಲಿ ಅದೇ ಮೊದಲ ನಗು. ಟೀ ಆರಿಹೋಗಿತ್ತು, ಆದರೂ ಕುಡಿದಳು.

ಕಿಟಕಿಯ ಪಕ್ಕ ಸಿಮ್‌ಗಳನ್ನು ತುಂಬಿದ ಪೆಟ್ಟಿಗೆಯಿತ್ತು. ಎಲ್ಲ ಕರೆಗಳೂ ಅದರಿಂದಲೇ ಹೊರಡುತ್ತಿದ್ದವು. ಅದರ ದೀಪಗಳು ಮತ್ತೆ ಮಿನುಗತೊಡಗಿದವು. ಒಂದು ಮಿನುಗಿ ಆರಿತು, ಇನ್ನೊಂದು ಮಿನುಗಿ ಆರಿತು. ಏಳೆಂಟು ನಿಮಿಷವಾದರೂ ಅವು ನಿಲ್ಲದಿದ್ದಾಗ ಮೃತ್ಯುಂಜಯ ಲೋಟ ಕೆಳಗಿಟ್ಟ.

"ಯಾರವ್ವ ರಿಂಗ್ ಕೊಡ್ತಾ ಇರೋದು?"

"ಹೊಸದು. ಫೋನ್ ಆನ್ ಇದೆಯಾ ಅಂತ ನೋಡ್ತಾ ಇದೆ. ನೀವು ದಿನಾ ಸಂಜೆ ಮಾಡ್ತಿದ್ರಲ್ಲ, ಅದೇ."

"ನಾನ್ ಮಾಡ್ತಿದ್ದುದಾ?" ಅವನ ಮುಖದ ಬಣ್ಣ ಹೋಯಿತು. "ನಾನ್ ರಿಂಗ್ ಕೊಡೋದು ಆನೆ ದಾಟಿದ್ ಮೇಲೆ ಕಣವ್ವ. ಒಂದ್ ರಿಂಗ್ ಕೊಟ್ರೆ ದಾರಿ ಖಾಲಿ, ಮನೆಗೋಗಿ ಅಂತ."

ಮಾನಸಾಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅಷ್ಟರಲ್ಲಿ ಪರದೆಯ ಮೇಲೆ ಹಸಿರು ಚುಕ್ಕೆಗಳು ಸಾಲಾಗಿ ಇಳಿದು ಬಂದವು. ಗಂಗಾಮಣಿ: ಹಸಿರು.

ಎಸ್ಟೇಟುಗಳಲ್ಲಿ ಅದು ಹಳೇ ರೂಢಿ. ಕರೆಗೆ ದುಡ್ಡು ಬೀಳುತ್ತಿದ್ದ ಕಾಲದಲ್ಲಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಮೇಸ್ತ್ರಿಗೆ ಒಂದು ಮಿಸ್ಡ್ ಕಾಲ್ ಕೊಟ್ಟರೆ ಜೀಪು ಹೊರಟಿದೆ ಎಂದು ಲೆಕ್ಕ. ಕರೆ ಪುಕ್ಕಟೆಯಾದರೂ ರೂಢಿ ಹೋಗಲಿಲ್ಲ. ಅಂಟುಗೈಯವರಿಗೆ ಅದೇ ಸಲೀಸು. ಆನೆ ದಾಟಿದ್ದನ್ನು ತಿಳಿಸಲು ಸರ್ವರ್‌ನಲ್ಲಿ ಯಾವ ಏರ್ಪಾಡೂ ಇರಲಿಲ್ಲ. ಮೃತ್ಯುಂಜಯ ಪರೀಕ್ಷೆಯ ಗುಂಡಿಯಲ್ಲಿ ಒಂದು ಏರ್ಪಾಡು ಮಾಡಿಕೊಂಡಿದ್ದ. ಅದನ್ನು ಯಾರಿಗಾದರೂ ಹೇಳಬೇಕೆಂದು ಅವನಿಗೆ ತೋಚಿರಲಿಲ್ಲ. ಹತ್ತಾರು ತೋಟದ ಜನಕ್ಕೆ ಗೊತ್ತಿದ್ದ ವಿಷಯ ಅದು. ಗೊತ್ತಿಲ್ಲದವಳು ಅವಳೊಬ್ಬಳೇ.

ಗೋಡೆಯ ಮೇಲೆ ವಾಪಸಾಗುವ ದಾರಿ ಅಂಟಿತ್ತು. ಹೊರಟುಹೋದ ರಿಂಗನ್ನು ವಾಪಸ್ ತರುವುದು ಅದರಲ್ಲಿ ಇರಲಿಲ್ಲ.

"ಆನೆ ಬಂದಿರೋದು ಹೊಸಗದ್ದೆಗೆ ಮಾತ್ರ. ಅವ್ರಿಗೆ ಎಚ್ಚರಿಕೆ ಕರೆ ಮತ್ತೆ ಕಳಿಸ್ತೀನಿ," ಎಂದು ಕೀಲಿಮಣೆಗೆ ಕೈ ಹಾಕಿದಳು.

ಮೃತ್ಯುಂಜಯ ಅವಳ ಮಣಿಕಟ್ಟು ಹಿಡಿದುಬಿಟ್ಟ. "ತಾಳು! ಹಳ್ಳದಲ್ಲಿ ಸಿಗ್ನಲ್ ಬಂದು ಬಂದು ಹೋಗ್ತದೆ. ಒಂದ್ ರಿಂಗ್ ಹೊಡ್ದು ಕಟ್ಟಾದ್ರೆ?"

ಒಂದು ರಿಂಗ್ ಹೊಡೆದು ಕಟ್ಟಾದರೆ ಅದು ಇನ್ನೊಮ್ಮೆ ಅದೇ ಮಾತು: ದಾರಿ ಖಾಲಿ, ಬನ್ನಿ. ಅವಳು ಕೈ ಹಿಂತೆಗೆದುಕೊಂಡಳು.

ಅಷ್ಟರಲ್ಲಿ ಯಂತ್ರ ತಾನಾಗಿಯೇ ಎರಡನೇ ಸುತ್ತು ಶುರುಮಾಡಿತು. ಅವಳು ಅದನ್ನು ನಿಲ್ಲಿಸುವ ಮುನ್ನ ಸರದಿ ಹೊಸಗದ್ದೆಯನ್ನು ದಾಟಿತ್ತು. ಗಂಗಾಮಣಿಯ ಚುಕ್ಕೆ ಕೆಂಪಾಯಿತು. ಸಂಪರ್ಕಕ್ಕೆ ಸಿಗುತ್ತಿಲ್ಲ.

ಮೃತ್ಯುಂಜಯ ತನ್ನ ಫೋನಿನಿಂದ ಎಸ್ಟೇಟಿನ ರೈಟರ್ ಏಕಾಂತಯ್ಯನಿಗೆ ಕರೆ ಮಾಡಿದ. ಸ್ಪೀಕರಿನಲ್ಲಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಗದ್ದಲ ತುಂಬಿಕೊಂಡಿತು.

"ಏಕಾಂತಯ್ಯ, ಗಂಗಾಮಣಿ ಗ್ಯಾಂಗು ಎಲ್ಲೈತೆ?"

"ಈಗ್ ತಾನೆ ಹೋದ್ರು ಮಾರಾಯ. ಇವತ್ತು ಬೇಗ ರಿಂಗ್ ಕೊಟ್ಟೆ, ಪುಣ್ಯಾತ್ಮ ಅಂತ ನಿನ್ನ ಹರಸ್ಕೊಂಡೇ ಹೋದ್ರು."

"ನಾನ್ ಕೊಟ್ಟಿಲ್ಲ ಕಣೋ."

"ಏನು?"

"ನಾನ್ ಕೊಟ್ಟಿಲ್ಲ! ಸಲಗ ಹಳ್ಳದಲ್ಲೇ ಐತೆ."

ಆ ಕಡೆ ಯಾರಿಗೋ ಏನೋ ಕೂಗಿದ್ದು ಕೇಳಿಸಿತು. ಪಲ್ಪರ್ ನಿಂತಿತು. ನಿಶ್ಶಬ್ದದಲ್ಲಿ ಏಕಾಂತಯ್ಯನ ಏದುಸಿರು ಬಂತು.

"ಓಡಿಸಿ ಯಾರನ್ನಾದ್ರೂ ಕಳಿಸ್ಲಾ?"

"ಓಡೋನು ಅವ್ರನ್ನ ಮುಟ್ಟೋದು ಹಳ್ಳದಲ್ಲೇ. ಇನ್ನೊಂದು ಹೆಣ ಆಗ್ತದೆ."

"ಹಂಗಾದ್ರೆ ಆಳುಗಳನ್ನ ಹಾಜರಿಗೆ ಕರೆಯೋ ಮಸ್ಟರು ಗಂಟೆ ಹೊಡೀಲಾ? ಹೊತ್ತಲ್ಲದ ಹೊತ್ತಲ್ಲಿ ಹೊಡೆದ್ರೆ ವಾಪಸ್ ಬರ್ತಾರೆ. ಆದ್ರೆ..." ಏಕಾಂತಯ್ಯ ತಡವರಿಸಿದ. "ಸದ್ದಿಗೆ ಆನೆ ಎದ್ರೆ ಎತ್ತ ನುಗ್ತದೋ. ಗಂಟೆ ಈ ಕಡೆ ಮೇಲೈತೆ. ಸದ್ದು ಕೇಳಿದ್ರೆ ಅದು ಆ ಕಡೆ ದಡಕ್ಕೆ ಓಡ್ತದೆ. ಇವ್ರು ಹಳ್ಳ ದಾಟಿ ಆ ದಡ ಹತ್ತಿದ್ರೆ, ಅದನ್ನ ನಾನೇ ಅವ್ರ ಬೆನ್ನಿಗೆ ಅಟ್ಟಿದಂಗೆ ಆಗ್ತದೆ. ದಾಟಿದಾರಾ ಇಲ್ವಾ, ಅದ್ ಹೇಳು ಮೊದ್ಲು!"

ಮೃತ್ಯುಂಜಯ ಮಾನಸಾಳನ್ನು ನೋಡಿದ. ಅವಳು ಪರದೆಯನ್ನು ನೋಡುತ್ತಿದ್ದಳು. ಮೊದಲ ಸುತ್ತಿನಲ್ಲಿ ಗಂಗಾಮಣಿಯ ಫೋನು ಸಿಕ್ಕಿತ್ತು. ಎರಡನೆಯದರಲ್ಲಿ ಸಿಗಲಿಲ್ಲ. ಎರಡರ ನಡುವಿನ ಅಂತರ ಹತ್ತು ನಿಮಿಷ.

"ಕಣದಿಂದ ಹಳ್ಳಕ್ಕೆ ಎಷ್ಟು ಹೊತ್ತಿನ ದಾರಿ?" ಎಂದು ಕೇಳಿದಳು.

"ಹೆಂಗಸ್ರು, ತಲೆ ಮೇಲೆ ಸೌದೆ ಬೇರೆ. ಕಾಲು ಗಂಟೆ ಮೇಲೇ," ಎಂದ ಮೃತ್ಯುಂಜಯ.

"ಹತ್ತು ನಿಮಿಷದ ಹಿಂದೆ ಕಣದಲ್ಲೇ ಸಿಗ್ನಲ್ ಇತ್ತು. ಈಗಷ್ಟೇ ಇಳಿಜಾರಿಗೆ ಬಿದ್ದಿದ್ದಾರೆ. ದಾಟಿಲ್ಲ." ತನ್ನ ದನಿ ತನ್ನದೇ ಅಲ್ಲವೆನ್ನಿಸಿತು ಅವಳಿಗೆ. "ಹೊಡೀರಿ."

"ಯಾರದು? ಗೊತ್ತಿದ್ದೇ ಹೇಳ್ತಿದೀಯಾ?" ಎಂದ ಏಕಾಂತಯ್ಯ.

ಅವಳಿಗೆ ಗೊತ್ತಿರಲಿಲ್ಲ. ಫೋನಿನ ಬ್ಯಾಟರಿ ಸತ್ತು ಕೆಂಪಾಗಿರಬಹುದು. ಯಾರೋ ಆ ಫೋನನ್ನು ಹಿಡಿದು ಮುಂದೆ ಓಡಿರಬಹುದು. ಒಂದು ವಾರದಿಂದ ಆ ಯಂತ್ರ ಹೇಳಿದ ಒಂದೊಂದು ಮಾತನ್ನೂ ಅವಳು ಪರೀಕ್ಷಿಸಿದ್ದಳು. ಇದೊಂದನ್ನು ಪರೀಕ್ಷಿಸಲು ಹೊತ್ತಿರಲಿಲ್ಲ.

"ಹೊಡೀರಿ," ಎಂದಳು ಮತ್ತೆ.

ಪಲ್ಪರ್ ಮನೆಯ ಮುಂದೆ ಗಂಟೆಯಾಗಿ ತೂಗುಹಾಕಿದ್ದ ರೈಲುಕಂಬಿಯ ತುಂಡಿಗೆ ಸುತ್ತಿಗೆ ಬಿದ್ದ ಸದ್ದು ಫೋನಿನೊಳಗಿಂದ ಕೋಣೆಗೆ ಬಂತು. ಒಂದು, ಮತ್ತೊಂದು, ಆಮೇಲೆ ಬಿಡುವಿಲ್ಲದೆ. ಹಾಗೇ ಕರೆ ಕಟ್ಟಾಯಿತು.

ಗಂಗಾಮಣಿಯ ಚುಕ್ಕೆ ಕೆಂಪಾಗಿಯೇ ಇತ್ತು. ಮಾನಸಾ ಅದನ್ನು ದಿಟ್ಟಿಸುತ್ತ ಕೂತಳು. ಅದು ಹಸಿರಾಗುವುದಿಲ್ಲವೆಂದು ಅವಳಿಗೆ ತಡವಾಗಿ ಹೊಳೆಯಿತು. ಪರೀಕ್ಷೆಯನ್ನು ತಾನೇ ನಿಲ್ಲಿಸಿದ್ದಾಳೆ. ಅದು ಹಳೆಯ ಕೆಂಪು. ಈಗ ಆ ಫೋನು ಎಲ್ಲಿದೆಯೋ ತಿಳಿಯಬೇಕೆಂದರೆ ಒಂದು ರಿಂಗ್ ಕೊಡಬೇಕು. ಕೊಟ್ಟರೆ, ಗಂಟೆ ಕೇಳಿ ತಿರುಗಿದವರೂ ಮತ್ತೆ ಹಳ್ಳದ ಕಡೆ ತಿರುಗಬಹುದು.

ಫೋನ್ ಮಾಡಿ ಕೇಳುವ ಹಾಗಿಲ್ಲ. ಮೆಸೇಜು ಅಲ್ಲಿ ಮುಟ್ಟುವುದಿಲ್ಲ, ಮುಟ್ಟಿದರೂ ಅಂಟುಗೈಯಲ್ಲಿ ಯಾರೂ ತೆರೆಯುವುದಿಲ್ಲ. ಮೃತ್ಯುಂಜಯ ಏಕಾಂತಯ್ಯನಿಗೆ ಮತ್ತೆ ಮತ್ತೆ ಕರೆ ಮಾಡಿದ. ಯಾರೂ ಎತ್ತಲಿಲ್ಲ. ಹೊರಗೆ ಕೊನೆಯ ಬಸ್ಸಿಗೆ ಕಾಯುತ್ತಿದ್ದವರು ಅಂಗಡಿ ಮುಂದೆ ಯಾವುದೋ ಮಾತಿಗೆ ಜೋರಾಗಿ ನಗುತ್ತಿದ್ದರು. ಅವಳು ಎದ್ದು ಕಿಟಕಿ ಮುಚ್ಚಿದಳು.

ಸಿಮ್ ಪೆಟ್ಟಿಗೆಯ ದೀಪವೊಂದು ಮಿನುಗಿತು. ಈ ಸಲ ಒಳಗೆ ಬರುವ ಕರೆ. ಪರದೆಯ ಮೇಲೆ ಗಂಗಾಮಣಿಯ ನಂಬರ್ ಮೂಡಿತು. ಒಂದು ರಿಂಗ್. ಕಟ್ಟಾಯಿತು.

"ಅಣ್ಣ, ಇದಕ್ಕೇನರ್ಥ?"

"ಗೊತ್ತಿಲ್ಲ ಕಣವ್ವ. ಆ ಕಡೆಯಿಂದ ಯಾವತ್ತೂ ಯಾರೂ ಮಾಡಿಲ್ಲ."

ಬಂದು ಮುಟ್ಟಿದೆವು ಎಂದಿರಬಹುದು. ಮಾತಾಡಲು ಹೋಗಿ ಸಿಗ್ನಲ್ ಹೋಗಿರಬಹುದು. ಓಡುವಾಗ ಕೈಜಾರಿ ಬಿದ್ದ ಫೋನಿನಿಂದ ಹೋಗಿರಬಹುದು. ಮೃತ್ಯುಂಜಯ ನೆಲದ ಮೇಲೆ ಕೂತು, ಕೊರಳಿನ ಲಿಂಗದ ಕರಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಕೊನೆಗೆ ಮೃತ್ಯುಂಜಯನ ಫೋನು ಹೊಡೆದುಕೊಂಡಿತು. ನಂಬರ್ ಏಕಾಂತಯ್ಯನದು. ದನಿ ಹೆಂಗಸಿನದು.

"ಯಾರವ್ವ ರಿಂಗ್ ಕೊಟ್ಟೋಳು?"

ಮಾನಸಾ ಫೋನಿನ ಹತ್ತಿರ ಬಾಗಿದಳು. ಮೆಷಿನ್ ಕೊಟ್ಟಿತು ಎನ್ನಲು ಬಾಯಿ ತೆರೆದವಳು, "ನಾನೇ ಗಂಗಕ್ಕ," ಎಂದಳು. "ಎಲ್ಲರೂ ಬಂದ್ರಾ?"

"ಬಂದ್ವಿ. ಎಣಿಸಿದ್ದೀನಿ, ಎರಡು ಸಲ. ಸೌದೆ ಎಲ್ಲಾ ಅಲ್ಲೇ ಬಿಸಾಕಿ ಬಂದ್ವಿ." ಅವಳ ಮಾತು ಏದುಸಿರಿಗೆ ತುಂಡಾಗುತ್ತಿತ್ತು. "ಹಳ್ಳದ ಈ ದಡದಲ್ಲಿ ಒಂದ್ ಬಂಡೆ ಕಾಣಿಸ್ತು. ಇಲ್ಲಿ ಬಂಡೆ ಇರ್ಲಿಲ್ವಲ್ಲ ಅನ್ಕೊಂಡೆ. ಗಂಟೆ ಹೊಡೆದ್ಮೇಲೆ ಆ ಬಂಡೆ ಕಿವಿ ಆಡಿಸ್ತು."

ಮಾನಸಾ ಫೋನನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

"ಆವತ್ತು ಫೋನ್ ಬರ್ಲಿಲ್ಲ, ಆವಯ್ಯ ಹೋದ. ಇವತ್ತು ಫೋನ್ ಬಂತು, ನಾವು ಹೊರಟ್ವಿ. ಯಾವ್ದನ್ನ ನಂಬ್ಲಿ ನಾನು? ನೀನೇ ಹೇಳವ್ವ, ಓದ್ದೋಳು."

"ಇನ್ಮೇಲೆ ರಿಂಗ್ ಇಲ್ಲ ಗಂಗಕ್ಕ. ದಾರಿ ಖಾಲಿ ಆದ್ರೆ ಮೃತ್ಯುಂಜಯಣ್ಣ ಬಾಯಲ್ಲೇ ಹೇಳ್ತಾರೆ. ನೀವು ಎತ್ತಿ ಮಾತಾಡ್ಬೇಕು. ಮಾತು ಕೇಳಿಸ್ಲಿಲ್ಲ ಅಂದ್ರೆ ಹೊರಡಬೇಡಿ."

"ಕೈ ಅಂಟು ಇರ್ತದಲ್ಲ."

"ಒರೆಸ್ಕೊಳೆ, ಗಂಗಿ!" ಎಂದು ಹಿಂದಿನಿಂದ ಯಾರೋ ಕೂಗಿದರು. "ಸತ್ರೆ ಅಂಟೂ ಇಲ್ಲ, ಕೈಯೂ ಇಲ್ಲ." ಹೆಂಗಸರು ನಕ್ಕರು. ಆ ನಗು ನಡುವೆಯೇ ಅಳುವಾಯಿತು. ಕರೆ ಕಟ್ಟಾಯಿತು.

ಸಲಗ ಆ ಸಂಜೆ ಹಳ್ಳ ಬಿಟ್ಟು ಹೋಗಲಿಲ್ಲ. ಸಕಲೇಶಪುರಕ್ಕೆ ಕಾಫಿ ಮೂಟೆ ಸಾಗಿಸಿ ಬಂದ ಎಸ್ಟೇಟ್ ಜೀಪು ಸುತ್ತು ದಾರಿಯಲ್ಲಿ ಎರಡು ಸಲ ತಿರುಗಿ ಎಲ್ಲರನ್ನೂ ಲೈನಿಗೆ ಮುಟ್ಟಿಸಿತು.

ಮರುದಿನ ಬೆಳಿಗ್ಗೆ ಮಾನಸಾ ಫೋನ್ ಪರೀಕ್ಷೆಯನ್ನು ಬೇರೆ ನಂಬರಿಗೆ ಬದಲಿಸುವ ಯೋಚನೆಯಲ್ಲಿದ್ದಳು. ಬರೆದು, ಅಳಿಸಿದಳು. ಹೊಸ ನಂಬರಿನಿಂದ ಬಂದ ಒಂದು ರಿಂಗಿಗೆ ಯಾವ ತೋಟದಲ್ಲಿ ಯಾವ ಅರ್ಥವಿದೆಯೋ. ತೋಟ ತೋಟಕ್ಕೂ ಹೋಗಿ ಕೇಳುವ ತನಕ ಯಂತ್ರ ಯಾರಿಗೂ ರಿಂಗ್ ಕೊಡುವುದು ಬೇಡ ಎಂದು ಆ ಭಾಗವನ್ನೇ ತೆಗೆದುಹಾಕಿದಳು. ಆಮೇಲೆ ಮೃತ್ಯುಂಜಯನನ್ನು ಎದುರಿಗೆ ಕೂರಿಸಿಕೊಂಡಳು.

"ಅಣ್ಣ, ಈ ಕೋಣೆಯಲ್ಲಿ ನೀವು ಕೈಯಾರೆ ಮಾಡೋದು ಇನ್ನೇನಾದ್ರೂ ಇದೆಯಾ? ಎಷ್ಟು ಚಿಕ್ಕದಾದ್ರೂ ಹೇಳಿ."

"ಏನೂ ಇಲ್ಲ ಕಣವ್ವ. ಕಸ ಹೊಡೀತೀನಿ, ದೀಪ ಹಚ್ಚುತೀನಿ. ಅಷ್ಟೇಯ."

"ಯಂತ್ರಗಳನ್ನ ಮುಟ್ಟೋದು?"

"ರಿಂಗ್ ಗುಂಡಿ ಒಂದೇ. ಇನ್ನೇನೂ ಮುಟ್ಟಲ್ಲ, ಶಿವನಾಣೆ."

ಅವಳು ತಲೆಯಾಡಿಸಿ ಪರದೆಯ ಕಡೆ ತಿರುಗಿದಳು. ಎಲ್ಲವೂ ಹಸಿರಾಗಿತ್ತು. ಅವನು ಬಾಗಿಲವರೆಗೆ ಹೋದವನು ಹೊಸಿಲಲ್ಲಿ ನಿಂತ.

"ಗುಡುಗು ಬಂದಾಗ ಸಿಮ್ ಪೆಟ್ಟಿಗೆ ವೈರ್ ಕಿತ್ತಿಡ್ತೀನಿ," ಎಂದ. "ಸಿಡಿಲಿಗೆ ಸುಟ್ಟೋಗಬಾರ್ದಲ್ಲ. ಮನೇಲಿ ಟೀವಿಗೂ ಹಂಗೇ ಮಾಡ್ತೀವಿ. ಮಳೆ ನಿಂತ್ಮೇಲೆ ಹಾಕ್ತೀನಿ."

ಮಾನಸಾ ನಿಧಾನವಾಗಿ ತಿರುಗಿದಳು. ಮೊದಲ ಗುಡುಗಿಗೆ ಇನ್ನೂ ಎರಡು ತಿಂಗಳಿತ್ತು.

"ಒಂದೊಂದ್ ಸಲ," ಎಂದ ಮೃತ್ಯುಂಜಯ, ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು, "ಹಾಕೋದು ಮರ್ತೋಗ್ತದೆ."